ನಾಲ್ಕೂವರೆ ಎಲೆಯ ಮದುವೆ

ಮಾನ್ವಿಯ ಯಶೋಧಾಳ ಮದುವೆ ಆಗಲೇ ಇಲ್ಲ. ಆದರೆ ಆ ಮದುವೆಯ ಊಟ ಭರ್ಜರಿಯಾಗಿತ್ತೆಂದು ಜಿಲ್ಲೆಯೆಲ್ಲ ಓದಿ ಬಾಯಿ ಚಪ್ಪರಿಸಿತು. ಅದು ಹೇಗೆ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ರಾಯಚೂರಿನ ಪಂಪಾಪತಿಯ ಬ್ಲಾಗ್ ಇರುವ ತನಕ ಈ ಸೀಮೆಯಲ್ಲಿ ಆಗದ್ದು ಎಂಬುದೇ ಇಲ್ಲ.

ಪಂಪಾಪತಿ ಹಿಂದೆ ವಿಮೆ ಏಜೆಂಟನಾಗಿದ್ದ. ಅವನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಜನ ಹಿತ್ತಿಲ ಬಾಗಿಲಿನಿಂದ ಪರಾರಿಯಾಗುತ್ತಿದ್ದರು. ಪಾಪ, ಒಬ್ಬರಾದರೂ ಕೂತು ತನ್ನ ಮಾತು ಕೇಳಲಿ ಎಂಬ ಆಸೆ ಮನುಷ್ಯನಿಗೆ. ಒಮ್ಮೆ ಯಾವುದೋ ಮದುವೆಯಲ್ಲಿ ಉಂಡು ಬಂದವನು ಹುಗ್ಗಿಗೆ ಬೆಲ್ಲ ಕಡಿಮೆ, ಎಣ್ಣೆಗಾಯಿಗೆ ಖಾರ ಜಾಸ್ತಿ ಎಂದು ಬ್ಲಾಗಿನಲ್ಲಿ ಬರೆದ. ಬೀಗರ ನಡುವೆ ಜಗಳ ಹತ್ತಿತು, ಜನ ಮುಗಿಬಿದ್ದು ಓದಿದರು. ಅಲ್ಲಿಂದ ಮುಂದೆ ‘ಪಂಪಾಪತಿಯ ಪಂಕ್ತಿ’ ಎಂಬ ಆ ಬ್ಲಾಗು ಹೇಳಿದ್ದೇ ವೇದವಾಯಿತು. ಐದು ಎಲೆಗೆ ಇಷ್ಟು ಎಲೆ ಎಂದು ಅವನು ಅಂಕ ಕೊಡುತ್ತಾನೆ. ಎರಡು ಎಲೆ ಬಿದ್ದ ಮನೆಯವರು ಆಮೇಲೆ ತಲೆ ಎತ್ತಿ ತಿರುಗುವುದಿಲ್ಲ. ಚಂದ್ರಬಂಡದಲ್ಲಿ ಒಬ್ಬ ಅಪ್ಪ ವರನನ್ನು ನೋಡುವ ಮೊದಲು ಅಡುಗೆಯವನ ಎಲೆ ನೋಡಿದ. ಉಣ್ಣುವವರೂ ಅಷ್ಟೆ. ಬಾಯಿಗೆ ತುತ್ತು ಬಿದ್ದ ಕೂಡಲೇ ಉಪ್ಪು ಖಾರ ಹೇಳುತ್ತಿದ್ದ ಜನ ಈಗ ಮರುದಿನ ಫೋನ್ ತೆರೆದು, ನಿನ್ನೆ ತಾವು ಉಂಡದ್ದು ರುಚಿಯಾಗಿತ್ತೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಾರೆ.

ಮದುವೆಯಲ್ಲಿ ಉಂಡವರು ಆಯೇರಿ ಮಾಡಬೇಕು, ಇದು ಈ ಕಡೆಯ ಕಟ್ಟುನಿಟ್ಟು. ಸೀರೆಯೋ, ಕುಬಸದ ಕಣವೋ, ಅಂಗಿ ಬಟ್ಟೆಯೋ, ಕಡೆಗೆ ಒಂದು ಟವೆಲ್ಲೋ, ಮದುಮಕ್ಕಳ ಕೈಗೆ ಏನಾದರೂ ಬಟ್ಟೆ ಇಡದೆ ಆ ಅನ್ನ ಅರಗುವುದಿಲ್ಲ. ಆಯೇರಿ ಮಾಡದೆ ಕೈತೊಳೆದು ಹೋದವನ ಹೆಸರನ್ನು ಓಣಿಯ ಹೆಂಗಸರು ಅವನ ಮೊಮ್ಮಕ್ಕಳ ಮದುವೆಯಲ್ಲೂ ಎತ್ತಿ ಆಡುತ್ತಾರೆ. ಪಂಪಾಪತಿಯೊಬ್ಬನೇ ಇದಕ್ಕೆ ಹೊರತು. ನನ್ನ ಬರಹವೇ ಆಯೇರಿ ಎನ್ನುತ್ತಿದ್ದ ಪುಣ್ಯಾತ್ಮ.

ಇನ್ನು ಯಶೋಧಾ. ಮಾನ್ವಿಯ ಶಂಶುದ್ದೀನ್ ಸಾಹೇಬರ ಆನ್‌ಲೈನ್ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಪಹಣಿ, ಆಧಾರ್, ರೇಷನ್ ಕಾರ್ಡು, ಮಕ್ಕಳ ಸ್ಕಾಲರ್‌ಶಿಪ್ಪು, ಯಾವುದಕ್ಕಾದರೂ ಮಂದಿ ಬಂದು ಅವಳ ಮುಂದೆ ಸಾಲು ನಿಲ್ಲಬೇಕು. ನೆಟ್ ಇದ್ದರೆ ಊರು ನಡೆಯುತ್ತದೆ, ನೆಟ್ ಹೋದರೆ ಊರು ಅವಳ ಮುಖ ನೋಡುತ್ತ ನಿಲ್ಲುತ್ತದೆ. ಹಾಗೆ ನಿಂತವರಿಗೆಲ್ಲ ಅವಳದು ಒಂದೇ ಉತ್ತರ: “ಆನ್‌ಲೈನ್‌ನ್ಯಾಗ ಹಂಗ ತೋರಸ್ತದ, ನಾ ಏನ್ ಮಾಡ್ಲಿ?” ಹೇಳಿ ಹೇಳಿ ಅದು ಅವಳಿಗೆ ಆಕಳಿಕೆಯಷ್ಟು ಸಲೀಸಾಗಿತ್ತು. ಗದ್ದೆಮ್ಮನಿಗಂತೂ ಎಷ್ಟು ಸಲ ಹೇಳಿದ್ದಳೋ. ಗದ್ದೆಮ್ಮ ಯಶೋಧಾಳ ಎದುರು ಮನೆಯ ಮುದುಕಿ, ಮದುವೆ ಮನೆಗಳಿಗೆ ರೊಟ್ಟಿ ಬಡಿಯುವವಳು. ಬಡಿದು ಬಡಿದು ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಡಲು ಬಂದಾಗಲೆಲ್ಲ ಮಷೀನು ಈಕೆ ಗದ್ದೆಮ್ಮ ಅಲ್ಲ ಎಂದು ಕೆಂಪು ದೀಪ ತೋರಿಸುತ್ತಿತ್ತು. ಹುಟ್ಟಿದಾಗಿನಿಂದ ಆಕೆಯ ಕೈಯ ರೊಟ್ಟಿ ತಿಂದ ಯಶೋಧಾ, ಮಷೀನ್ ಒಪ್ಪವಲ್ದು ಯವ್ವಾ, ಮುಂದಿನ ವಾರ ಬಾ ಎಂದು ಕಳಿಸಿಬಿಡುತ್ತಿದ್ದಳು.

ಇಂಥ ಯಶೋಧಾಳಿಗೆ ದೇವದುರ್ಗದ ನಾಗೇಶನ ಸಂಬಂಧ ಕುದುರಿತು. ನಾಗೇಶ ಮಾತು ಕಡಿಮೆಯ ಹುಡುಗ, ಅವನ ಪಾಲಿನ ಮಾತನ್ನೂ ಅಣ್ಣ ಉರುಕುಂದಪ್ಪನೇ ಆಡುತ್ತಿದ್ದ. ಮದುವೆಯ ಹಿಂದಿನ ದಿನ ಸಂಜೆ ಬೀಗರು ಮಾನ್ವಿಗೆ ಬಂದಿಳಿದರು. ಅರಿಶಿನದ ಹೊತ್ತಿಗೆ ಉರುಕುಂದಪ್ಪ ಹೆಣ್ಣಿನ ಕಡೆಯವರನ್ನು ಕರೆದು, ತಮ್ಮ ಮನೆಯ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುವ ಪದ್ಧತಿ ಇಲ್ಲ, ಫೋನ್ ಇಟ್ಟುಕೊಳ್ಳುವ ಪದ್ಧತಿಯಂತೂ ಇಲ್ಲವೇ ಇಲ್ಲ, ಫೋನು ಈಗಲೇ ಕೊಟ್ಟುಬಿಡಲಿ ಎಂದ. ಇದನ್ನು ಹೇಳುವಾಗ ಅವನ ಎರಡೂ ಕಿಸೆಯಲ್ಲಿ ಒಂದೊಂದು ಫೋನಿತ್ತು. ಯಶೋಧಾ ನಾಗೇಶನ ಮುಖ ನೋಡಿದಳು. ನಾಗೇಶ ಅಣ್ಣನ ಮುಖ ನೋಡಿದ. ಅವಳಿಗೆ ಅಷ್ಟು ಸಾಕಾಯಿತು, ಒಲ್ಲೆ ಎಂದುಬಿಟ್ಟಳು. ಯಾವತ್ತೂ ದನಿ ಎತ್ತದ ಅಪ್ಪ ಹುಸೇನಪ್ಪ ಬಂದು ಮಗಳ ಪಕ್ಕ ನಿಂತ. ಬೀಗರು ಬಂದ ಕ್ರೂಸರ್ ಗಾಡಿಯಲ್ಲೇ ತಿರುಗಿ ಹೋದರು. ಮರುದಿನ ಅಕ್ಕಿಕಾಳು ಬೀಳಲಿಲ್ಲ, ತಾಳಿ ಪೆಟ್ಟಿಗೆಯಲ್ಲೇ ಉಳಿಯಿತು, ಗದ್ದೆಮ್ಮ ಬಡಿದಿಟ್ಟ ರೊಟ್ಟಿಯ ಗುಡ್ಡೆಯನ್ನು ಅವ್ವ ಮೂಗು ಒರೆಸಿಕೊಳ್ಳುತ್ತ ಓಣಿಗೆಲ್ಲ ಹಂಚಿದಳು.

ಅದೇ ದಿನ, ಮುಹೂರ್ತದ ಹೊತ್ತಿಗೆ ಸರಿಯಾಗಿ, ಪಂಪಾಪತಿಯ ಬ್ಲಾಗಿನಲ್ಲಿ ಬರಹ ಬಂತು. ‘ಮಾನ್ವಿಯಲ್ಲಿ ಯಶೋಧಾ–ನಾಗೇಶರ ಮದುವೆ: ಗೋಧಿ ಹುಗ್ಗಿಗೆ ಕೈಮುಗಿದೆ. ನಾಲ್ಕೂವರೆ ಎಲೆ.’ ಅರ್ಧ ಎಲೆ ಕಡಿಮೆಯಾದದ್ದು ಮಜ್ಜಿಗೆಗೆ ಉಪ್ಪು ಸಾಲಲಿಲ್ಲವೆಂದು. ಕೆಳಗೆ ನಿಶ್ಚಿತಾರ್ಥದ ದಿನ ಇಬ್ಬರೂ ಹಾರ ಹಾಕಿಕೊಂಡು ನಿಂತ ಚಿತ್ರ, ಅದರ ಕೆಳಗೆ ಹಬೆಯಾಡುವ ಹುಗ್ಗಿಯ ಕೊಪ್ಪರಿಗೆ. ಆ ಕೊಪ್ಪರಿಗೆ ಎಲ್ಲಿಯದೋ ಏನೋ. ಈ ಮದುವೆಗೆ ಗೊತ್ತಾಗಿದ್ದ ಗಬ್ಬೂರಿನ ಅಡುಗೆಯವನು ಯಾವ ಮದುವೆ ಹಿಡಿದರೂ ಕೂಡಲೇ ಪಂಪಾಪತಿಗೆ ಮದುಮಕ್ಕಳದೊಂದು ಚಿತ್ರ, ಅಡುಗೆಯದೊಂದು ಹಳೆಯ ಫೋಟೋ ಕಳಿಸಿಬಿಡುವುದು, ಪಂಪಾಪತಿ ಅದನ್ನು ನೋಡಿ ವಾರ ಮೊದಲೇ ಬರೆದು, ತಾನಾಗಿ ಹೊರಬೀಳುವಂತೆ ಗಳಿಗೆ ಗೊತ್ತುಮಾಡಿಡುವುದು, ಇದು ಅವರಿಬ್ಬರ ಕೆಲಸದ ರೀತಿ.

ಯಶೋಧಾ ಮೊದಲು ನಕ್ಕಳು. ಕಾಮೆಂಟುಗಳನ್ನು ಓದಿದ ಮೇಲೆ ನಗು ನಿಂತಿತು. ‘ಹೌದು, ನಾನೂ ಉಂಡೆ, ಸೂಪರ್.’ ‘ಹುಗ್ಗಿ ಮರೆಯಂಗಿಲ್ಲ.’ ‘ಮಜ್ಜಿಗೆ ಬಗ್ಗೆ ಸರಿಯಾಗಿ ಬರೆದೀರಿ ಸರ್.’ ನಾನೂರು ಮಂದಿ ಹೀಗೆ ಉಂಡು ಎದ್ದಿದ್ದರು. ಮಟಮಾರಿಯ ಯಾವನೋ ಅಪರಿಚಿತ ಉಂಡರೆ ಉಣ್ಣಲಿ ಎನ್ನೋಣ. ಮಂಟಪದಿಂದ ಹಸಿದ ಹೊಟ್ಟೆಯಲ್ಲಿ ಮನೆಗೆ ಹೋಗಿದ್ದ ಸ್ವಂತ ಸೋದರಮಾವ ಹಂಪಯ್ಯ ‘ಎರಡು ಸಲ ಹಾಕಿಸಿಕೊಂಡೆ’ ಎಂದು ಬರೆದಿದ್ದ. ಯಾಕೆ ಮಾವ ಎಂದು ಕೇಳಿದರೆ, ಎಲ್ಲರೂ ಬರೆದಿದ್ದರು, ನಾನೊಬ್ಬ ಸುಮ್ಮನಿದ್ದರೆ ಚಂದ ಕಾಣುವುದಿಲ್ಲವಲ್ಲ ಎಂದ. ಒಂದು ತಿಂಗಳು ಕಳೆಯುವಷ್ಟರಲ್ಲಿ ಓಣಿಯ ಕೆಲವರಿಗೆ ಉಂಡ ನೆನಪೇ ಬರತೊಡಗಿತು. ಕೆಳಗಿನ ಮನೆಯ ಹೆಂಗಸೊಬ್ಬಳು ತನಗೆ ಹುಗ್ಗಿಯಲ್ಲಿ ಗೋಡಂಬಿ ಸಿಕ್ಕಿತ್ತೆಂದು ಆಣೆ ಮಾಡಿ ಹೇಳಿದಳು.

ಅತ್ತ ದೇವದುರ್ಗದಲ್ಲಿ ನಾಗೇಶನಿಗೆ ಬೇರೆ ಹೆಣ್ಣು ಹುಡುಕಿದರೆ ಯಾರೂ ಕೊಡಲೊಲ್ಲರು. ಎಲ್ಲ ಕಡೆ ಫೋನ್ ತೆಗೆದು ನೋಡಿ, ನಿಮ್ಮ ಹುಡುಗನ ಮದುವೆ ನಾಲ್ಕೂವರೆ ಎಲೆಯದಾಗಿದೆಯಲ್ಲ ಎಂದು ಕೇಳುತ್ತಿದ್ದರು. ಉರುಕುಂದಪ್ಪ ಮೊದಮೊದಲು ಹರಿಹಾಯ್ದ. ಆಮೇಲೆ ಅವನಿಗೆ ಬುದ್ಧಿ ಓಡಿತು. ಮದುವೆ ಆಗಿದೆ ಎಂದು ಲೋಕವೇ ಹೇಳುವಾಗ ತಾನೇಕೆ ಅಲ್ಲ ಎನ್ನಬೇಕು? ಬ್ಲಾಗಿನಲ್ಲಿ ‘ಬಂದು ಹರಸಿದ ಎಲ್ಲರಿಗೂ ಧನ್ಯವಾದಗಳು’ ಎಂದು ತಾನೂ ಒಂದು ಸಾಲು ಬರೆದು, ತಮ್ಮನ ಹೆಂಡತಿ ತವರಲ್ಲಿ ಕೂತುಬಿಟ್ಟಿದ್ದಾಳೆ, ಹಿರಿಯರು ಕೂಡಿ ಕಳಿಸಿಕೊಡಬೇಕು ಎಂದು ಮಾನ್ವಿಗೆ ಹೇಳಿಕಳಿಸಿದ. ಮುಂದಿನ ಭಾನುವಾರ ಹಿರಿಯರು ಕೂಡುವುದೆಂದಾಯಿತು. ಹಂಪಯ್ಯ ಮಾವ ತನ್ನ ಅಕ್ಕನಿಗೆ, ಅಂದರೆ ಯಶೋಧಾಳ ಅವ್ವನಿಗೆ, ಹುಡುಗಿಯ ಬಟ್ಟೆಬರೆ ಕಟ್ಟಿಡು ಎಂದ. ನೆಟ್ಟಿನಲ್ಲಿ ಬಂದ ಮೇಲೆ ಮುಗಿಯಿತು, ಇನ್ನು ಅಲ್ಲ ಎಂದರೆ ಮನೆತನದ ಮಾನ ಹೋಗುತ್ತದೆ ಎಂಬುದು ಅವನ ವಾದ.

ಯಶೋಧಾ ತಾನು ಬೇಡವೆಂದ ಮನೆಗೆ, ಕಟ್ಟದ ತಾಳಿಯ ಹೆಸರಿನಲ್ಲಿ, ಯಾವನೋ ಬರೆದ ಹುಗ್ಗಿಯ ಮೇಲೆ ಹೋಗಬೇಕಾಗಿತ್ತು. ಅವಳು ರಾಯಚೂರಿನ ಬಸ್ಸು ಹತ್ತಿದಳು.

ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಗಲ್ಲಿಯಲ್ಲಿ ಪಂಪಾಪತಿಯ ಮನೆ. ಜಿಲ್ಲೆಯ ಹೋಳಿಗೆ, ಹುಗ್ಗಿ, ಮಾದಲಿಗಳನ್ನು ತೂಗಿ ನೋಡುವ ಮಹಾಶಯ ದೊಡ್ಡ ಹೊಟ್ಟೆಯವನಿರಬೇಕು ಎಂದುಕೊಂಡಿದ್ದಳು. ನೋಡಿದರೆ ಒಣಗಿದ ಹುಣಸೆ ಬರಲಿನಂಥ ಮನುಷ್ಯ ಫ್ಯಾನಿನ ಕೆಳಗೆ ಕೂತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿ, ಮದುವೆ ಆಗಿಲ್ಲ, ಬರಹ ತೆಗೆಯಿರಿ ಎಂದಳು. ಅವನು ಕರುಣೆಯಿಂದ ತಲೆಯಾಡಿಸಿದ. ಒಮ್ಮೆ ತೆಗೆದರೆ ಓದುಗರ ನಂಬಿಕೆ ಹೋಗುತ್ತದೆ, ನಂಬಿಕೆ ಹೋದರೆ ಸಮಾಜದ ಗತಿಯೇನು ಎಂದು ಅವಳನ್ನೇ ಕೇಳಿದ. ಮತ್ತೆ ಮದುವೆ ಮಾಡಿಕೊಂಡರೆ ಐದಕ್ಕೆ ಐದು ಎಲೆ ಕೊಡುತ್ತೇನೆ ಎಂದೂ ಮಾತು ಕೊಟ್ಟ.

“ನೀವು ಅಲ್ಲಿ ಬಂದು ಉಂಡಿದ್ರೇನ್ರಿ?” ಯಶೋಧಾ ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನ ಹೆಂಡತಿ ಸೌಭಾಗ್ಯ ಬಟ್ಟಲು ಹಿಡಿದು ಬಂದಳು. ಬಟ್ಟಲಿನಲ್ಲಿ ಉಪ್ಪಿಲ್ಲದ ಗಂಜಿ. ಹೊಟ್ಟೆಯಲ್ಲಿ ಹುಣ್ಣಾಗಿ ವರ್ಷಗಳೇ ಕಳೆದವು, ಇವರು ಗಂಜಿ ಬಿಟ್ಟು ಬೇರೆ ಮುಟ್ಟುವಂತಿಲ್ಲ, ಮದುವೆ ಮನೆಯ ವಾಸನೆ ಬಡಿದರೂ ವಾಂತಿ ಬರುತ್ತದೆ ಎಂದು ಆಕೆ ಬಂದ ಅತಿಥಿಗೆ ಕಷ್ಟ ಹೇಳಿಕೊಂಡಳು. ಪಂಪಾಪತಿ ಗಂಜಿಯ ಬಟ್ಟಲನ್ನು ಲ್ಯಾಪ್‌ಟಾಪಿನ ಹಿಂದೆ ಸರಿಸಿದ.

“ನಾ ಉಂಡರೇನು ಬಿಟ್ಟರೇನು ತಂಗಿ? ನಾನೂರು ಮಂದಿ ಉಂಡೀವಿ ಅಂತ ಬರದಾರ. ನೀ ಒಬ್ಬಾಕಿ ಆಗಿಲ್ಲ ಅಂತಿ. ಯಾರನ್ನ ನಂಬಲಿ ನಾ? ಅವರು ಉಂಡಿಲ್ಲ ಅನ್ನಲಿ, ಆಗ ನೋಡೂಣು.”

ತಿರುಗಿ ಬರುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನ ಹೆಂಗಸರಿಬ್ಬರು ದಾರಿಯುದ್ದಕ್ಕೂ ಯಾವುದೋ ಮದುವೆಯ ಆಯೇರಿಯ ಜಗಳ ತೆಗೆದಿದ್ದರು. ತಾನು ಇಳಕಲ್ ಸೀರೆ ಕೊಟ್ಟಿದ್ದಳಂತೆ, ಅವರು ತಿರುಗಿ ಕೊಟ್ಟದ್ದು ನೂಲು ಬಿಡುವ ಕುಬಸದ ಕಣವಂತೆ, ಅದನ್ನು ತೊಡುವುದೋ ಒಲೆ ಒರೆಸುವುದೋ ಎಂದು ಒಬ್ಬಳು ಕೇಳುತ್ತಿದ್ದಳು. ಯಶೋಧಾ ಮೊದಲು ಕಿವಿ ಮುಚ್ಚಿಕೊಂಡಿದ್ದಳು. ಕಲ್ಲೂರು ದಾಟುವ ಹೊತ್ತಿಗೆ ಕಿವಿ ಬಿಟ್ಟುಕೊಂಡು ಕೇಳತೊಡಗಿದ್ದಳು.

ಭಾನುವಾರ ಹುಸೇನಪ್ಪನ ಅಂಗಳದಲ್ಲಿ ಜಮಖಾನೆ ಹಾಸಿದರು. ದೇವದುರ್ಗದಿಂದ ಉರುಕುಂದಪ್ಪ ಕ್ರೂಸರ್ ತುಂಬ ಮಂದಿ ತಂದಿದ್ದ, ಅವನ ಹಿಂದೆ ನಾಗೇಶ ಕೂತಿದ್ದ. ಮಾನ್ವಿಯ ಹಿರಿಯರು ಚಹಾ ಕುಡಿದು ಮೀಸೆ ಒರೆಸಿಕೊಂಡರು. ಓಣಿಯ ಹೆಂಗಸರು ಕಟ್ಟೆಯುದ್ದಕ್ಕೂ ತುಂಬಿದ್ದರು. ಉರುಕುಂದಪ್ಪ ಫೋನನ್ನು ಮೇಲೆತ್ತಿ, ಹಾರ ಹಾಕಿಕೊಂಡ ಜೋಡಿಯನ್ನೂ ಹುಗ್ಗಿಯನ್ನೂ ಎಲ್ಲರಿಗೂ ತೋರಿಸಿದ. ಹಿರಿಯರು ಒಬ್ಬರಿಂದೊಬ್ಬರು ಈಸಿಕೊಂಡು ನೋಡಿದರು. ಮದುವೆ ಮುರಿದ ದಿನ ಇದೇ ಅಂಗಳದಲ್ಲಿ ನಿಂತು ಬೀಗರಿಗೆ ಬೈದಿದ್ದವರೂ ಫೋನ್ ನೋಡಿ ಹೌದೌದು ಎಂದರು. ಗದ್ದೆಮ್ಮನಿಗೆ ತಡೆಯಲಿಲ್ಲ. ಮದುವೆ ಎಲ್ಲಿ ಆಯಿತು, ತಾನು ಬಡಿದ ರೊಟ್ಟಿಯನ್ನು ನೀವೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋದಿರಲ್ಲ ಎಂದಳು. ಹಂಪಯ್ಯ ಅವಳ ಕಡೆ ಕೈ ಬೀಸಿದ.

“ಸುಮ್ಕಿರಬೇ. ನೆಟ್‌ನ್ಯಾಗ ಬಂದದ್ದಕ್ಕಿಂತ ನೀ ಹೆಚ್ಚು ಕಂಡೀ ಏನು?”

ಆಮೇಲೆ ಅವನು ಹಿರಿಯರ ಕಡೆ ತಿರುಗಿ, ಆದದ್ದು ಆಯಿತು, ಹುಡುಗಿಯನ್ನು ಇವತ್ತೇ ಕಳಿಸಿಬಿಡೋಣ ಎಂದ. ಹುಸೇನಪ್ಪ ಏನೋ ಹೇಳಲು ಎದ್ದ, ಹಿರಿಯರು ಕೈಹಿಡಿದು ಕೂರಿಸಿದರು. ಕ್ರೂಸರಿನ ಡ್ರೈವರ್ ಹಿಂದಿನ ಬಾಗಿಲು ತೆರೆದಿಟ್ಟಿದ್ದ.

ಯಶೋಧಾ ಒಳಗಿನಿಂದ ಬಂದಳು. ತನಗೇನೂ ತಕರಾರಿಲ್ಲ ಎಂದಳು. ಮದುವೆ ಆಗಿದೆ ಎಂದು ಇಷ್ಟು ಹಿರಿಯರು ಹೇಳಿದ ಮೇಲೆ ಆಗಿದೆ. ಹೋಗುವ ಮೊದಲು ಒಂದು ಲೆಕ್ಕ ಉಳಿದಿದೆ, ಅಷ್ಟು ಮುಗಿಸಿಬಿಡುತ್ತೇನೆ ಎಂದು ಫೋನ್ ತೆಗೆದಳು. ಅಂಗಳದಲ್ಲಿ ಸಮಾಧಾನದ ಉಸಿರು ಬಿತ್ತು.

“ಮಾವಾ, ಹುಗ್ಗಿ ಎರಡು ಸಲ ಹಾಕಿಸ್ಕೊಂಡೆ ಅಂತ ಬರದೀರಿ. ಖರೇ ಏನ್ರಿ?”

“ಖರೇನ ಅದವಾ,” ಎಂದ ಹಂಪಯ್ಯ, ಎಲ್ಲರ ಕಡೆ ನೋಡಿ.

“ಅವ್ವಾ, ಸೋದರಮಾವನ ಆಯೇರಿ ಏನ್ ಬಂತು?”

ಅವ್ವ ಬಾಗಿಲ ಬಳಿ ಮೂಗು ಒರೆಸಿಕೊಳ್ಳುತ್ತಿದ್ದಳು. ಸೆರಗು ಕೈಯಲ್ಲೇ ನಿಂತಿತು. ಹೆಂಗಸಿಗೆ ಬ್ಲಾಗು ಗೊತ್ತಿರಲಿಲ್ಲ, ಆಯೇರಿ ಗೊತ್ತಿತ್ತು. ಮೂವತ್ತು ವರ್ಷಗಳಿಂದ ತಮ್ಮನ ಮನೆಗೆ ತಾನು ಮಾಡಿದ್ದ ಒಂದೊಂದು ಸೀರೆಯ ಅಂಚೂ ಅವಳ ಕಣ್ಣ ಮುಂದೆ ಬಂದಿರಬೇಕು.

“ಎಲ್ಲಿ ಬಂತವಾ,” ಎಂದಳು ಅವ್ವ. “ರೇಷ್ಮಿ ಸೀರಿ ಇರಲಿ, ಬೆಳ್ಳಿ ಕಾಲುಂಗುರ ಇರಲಿ, ಒಂದು ಟವೆಲ್ ಸುದ್ದಾ ಕಾಣಲಿಲ್ಲ. ಎರಡು ಸಲ ಹಾಕಿಸ್ಕೊಂಡು ಉಂಡು, ಬರಿಗೈಲೆ ಹೋದ ನನ್ನ ತಮ್ಮ.”

ಕಟ್ಟೆಯ ಮೇಲಿನ ಹೆಂಗಸರೆಲ್ಲ ಒಟ್ಟಿಗೆ ಹಂಪಯ್ಯನ ಕಡೆ ತಿರುಗಿದರು. ಅವರ ನಡುವೆ ಅವನ ಹೆಂಡತಿಯೂ ಇದ್ದಳು. ಹಂಪಯ್ಯನ ಮುಖ ಬೆವರಿತು. ನಾನೂರು ಜನರ ಎದುರು ಸುಳ್ಳ ಅನ್ನಿಸಿಕೊಂಡರೂ ಬದುಕಬಹುದು, ಆಯೇರಿ ಮಾಡದೆ ಉಂಡ ಸೋದರಮಾವ ಅನ್ನಿಸಿಕೊಂಡು ಮಾನ್ವಿಯಲ್ಲಿ ಬದುಕುವುದು ಹೇಗೆ? ಅವನು ಕೆಮ್ಮಿದ, ಟೊಪ್ಪಿಗೆ ಸರಿಮಾಡಿಕೊಂಡ, ಕಡೆಗೆ ಬಾಯಿಬಿಟ್ಟ.

“ನಾ ಉಂಡಿಲ್ಲವಾ. ಸುಮ್ನ ಬರದಿದ್ದೆ.”

ಯಶೋಧಾ ತಲೆಯಾಡಿಸಿ ಮುಂದಿನ ಹೆಸರು ಓದಿದಳು. ಅದು ಚಹಾ ಕುಡಿದು ಮೀಸೆ ಒರೆಸಿಕೊಂಡಿದ್ದ ಹಿರಿಯರಲ್ಲೇ ಒಬ್ಬರದು, ‘ಹುಗ್ಗಿ ಅಮೃತ’ ಎಂದು ಬರೆದವರು. ತಮಗೆ ಸಕ್ಕರೆ ಕಾಯಿಲೆ, ಹುಗ್ಗಿ ಮುಟ್ಟುವುದೇ ಇಲ್ಲ ಎಂದು ಅವರು ಆಣೆ ಮಾಡಿದರು. ಇನ್ನೊಬ್ಬರು ಆ ದಿನ ಊರಲ್ಲೇ ಇರಲಿಲ್ಲ. ಗೋಡಂಬಿ ಸಿಕ್ಕ ಹೆಂಗಸು ಅದು ಬೇರೆ ಮದುವೆಯದಿರಬೇಕು ಎಂದಳು. ದೇವದುರ್ಗದಿಂದ ಬಂದವರು ಗುಟ್ಟಾಗಿ ಫೋನ್ ತೆಗೆದು ತಮ್ಮ ತಮ್ಮ ಕಾಮೆಂಟು ಅಳಿಸತೊಡಗಿದರು. ಒಬ್ಬನಿಗೆ ಅಳಿಸುವುದು ಹೇಗೆಂದು ತಿಳಿಯದೆ ಯಶೋಧಾಳ ಹತ್ತಿರವೇ ಬಂದು, ಇದನ್ನೊಂದು ಅಳಿಸಿಕೊಡು ತಂಗಿ ಎಂದು ಫೋನ್ ಚಾಚಿದ. ಅವಳು ಅಳಿಸಿಕೊಟ್ಟಳು. ಕೆಲಸದ ರೂಢಿ.

ಕಡೆಗೆ ಉಳಿದವನು ಉರುಕುಂದಪ್ಪ. ಅವನಿಗೆ ಅವ್ವನೊಬ್ಬಳೇ ಸಾಕಾದಳು. ಮದುವೆ ಆಗಿದ್ದರೆ ನಿಮ್ಮ ಕಡೆಯ ಧಾರೆ ಸೀರೆ ಎಲ್ಲಿ, ಬೀಗಿತ್ತಿಗೆ ಉಡಿಸಬೇಕಾದ ಸೀರೆ ಎಲ್ಲಿ, ನಮ್ಮ ಮನೆಯ ಗಂಡಸರ ಅಂಗಿ ಬಟ್ಟೆ ಎಲ್ಲಿ ಎಂದು ಆಕೆ ಒಂದೊಂದಾಗಿ ಬೆರಳು ಮಡಚಿದಳು. ಅವನು ಬ್ಲಾಗು, ಬ್ಲಾಗು ಎಂದು ಎರಡು ಸಲ ಅಂದ. ಅವನ ದನಿ ಯಾರಿಗೂ ಕೇಳಲಿಲ್ಲ. ಉಂಡವರೇ ಇಲ್ಲ ಎಂದ ಮೇಲೆ ಅದು ಎಂಥ ಮದುವೆ ಎಂದು ಸಕ್ಕರೆ ಕಾಯಿಲೆಯ ಹಿರಿಯರು ತೀರ್ಪು ಕೊಟ್ಟು, ಚಪ್ಪಲಿ ಹುಡುಕಿಕೊಂಡು ಎದ್ದರು. ಕ್ರೂಸರಿನ ಹಿಂದಿನ ಬಾಗಿಲು ಖಾಲಿ ಸೀಟಿನ ಮೇಲೆ ಮುಚ್ಚಿಕೊಂಡಿತು. ನಾಗೇಶ ಹತ್ತುವಾಗ ಮೊದಲ ಸಲ ತಾನಾಗಿ ಬಾಯಿ ತೆರೆದು, ಹೋಗಿ ಬರ್ತೀವ್ರಿ ಎಂದ. ಅಣ್ಣ ಗದರಿ ಒಳಗೆ ಎಳೆದುಕೊಂಡ.

ಆ ರಾತ್ರಿ ಹುಸೇನಪ್ಪನ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ಮರುದಿನ ಪಂಪಾಪತಿ ಬರಹ ತೆಗೆಯಲಿಲ್ಲ, ತಿದ್ದಿದ. ‘ಅನೇಕ ಅತಿಥಿಗಳು ತಾವು ಉಂಡಿಲ್ಲವೆಂದು ತಿಳಿಸಿದ್ದಾರೆ. ಇಷ್ಟು ಜನರಿಗೆ ಊಟ ಸಾಲದೆ ಹೋದದ್ದು ನಾಚಿಕೆಗೇಡು. ಎರಡು ಎಲೆ.’ ಕೆಳಗೆ ಆಗಲೇ ಹೊಸ ಕಾಮೆಂಟುಗಳು ಬಂದಿದ್ದವು. ಹೌದು, ನಾವೂ ಹಸಿದೇ ಬಂದೆವು ಎಂದು ಜನ ಸಿಟ್ಟು ಮಾಡಿದ್ದರು. ಯಶೋಧಾ ಓದಿ, ಹಾಳಾಗಿ ಹೋಗಲಿ ಎಂದು ಫೋನ್ ಚೀಲದಲ್ಲಿಟ್ಟು ಸೆಂಟರಿನ ಬಾಗಿಲು ತೆರೆದಳು.

ಸಾಲಿನಲ್ಲಿ ಮೊದಲು ನಿಂತವಳು ಗದ್ದೆಮ್ಮ. ಹೆಬ್ಬೆಟ್ಟನ್ನು ಸೆರಗಿಗೆ ತಿಕ್ಕಿ ಒರೆಸಿ ಮಷೀನಿನ ಮೇಲಿಟ್ಟಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು ದೀಪ.

“ಮಷೀನ್ ಒಪ್ಪವಲ್ದು ಯವ್ವಾ,” ಎಂದಳು ಯಶೋಧಾ, ಪರದೆಯಿಂದ ಕಣ್ಣೆತ್ತದೆ. “ಆನ್‌ಲೈನ್‌ನ್ಯಾಗ ಹಂಗ…”

ಗದ್ದೆಮ್ಮ ಕೈ ತೆಗೆದಿರಲಿಲ್ಲ.

“ಮಷೀನ್ ಏನರ ಅನ್ನಲಿ ಯವ್ವಾ. ನಾ ಗದ್ದೆಮ್ಮ ಹೌದೋ ಅಲ್ಲೋ, ನೀ ಹೇಳು.”

ಹಿಂದಿನಿಂದ ಯಾರೋ, ನೆಟ್ ಇದ್ದಾಗಲೇ ಲಗೂನ ಮುಗಿಸಿರಿ, ಆಮೇಲೆ ಹೋಗಿಬಿಡುತ್ತದೆ ಎಂದು ಕೂಗಿದರು. ಯಶೋಧಾ ಮುದುಕಿಯ ಸವೆದ ಹೆಬ್ಬೆಟ್ಟನ್ನು ನೋಡಿದಳು, ಮುಖ ನೋಡಿದಳು. ಹೌದು ಎಂದಳು. ಗಟ್ಟಿಯಾಗಿಯೇ ಎಂದಳು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. ಆಮೇಲೆ ಪರದೆಯ ಕಡೆ ತಿರುಗಿ, ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. ಆ ಹೌದನ್ನು ತುಂಬುವ ಜಾಗ ಎಲ್ಲೂ ಇರಲಿಲ್ಲ.